ಶಿಕ್ಷಕರ ಮೇಲೆ ಮೊಬೈಲಿನಲ್ಲಿ ನಡೆಯುವ ನಿಂದನೆ: ಉತ್ತರ ಕೊಡಬೇಕಾದವರು ಯಾರು?

ಅಘನಾಶಿನಿ (ಕುಮಟಾ ತಾಲೂಕು)

ನಾನು 19 ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಇತ್ತೀಚೆಗೆ ನನಗಾದದ್ದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಇದೇ ಸಂಕಟದಲ್ಲಿರುವ ಬೇರೆ ಶಿಕ್ಷಕಿಯರೂ ನಮ್ಮ ಜಿಲ್ಲೆಯಲ್ಲಿ ಇರಬಹುದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ಶಾಲೆಯ ಸ್ನೇಹ ಸಮ್ಮೇಳನದ ದಿನ ವೇದಿಕೆಯ ಬದಿಯಲ್ಲಿ ನಿಂತು ನೃತ್ಯದ ಹುಡುಗಿಯೊಬ್ಬಳ ಸೆರಗಿಗೆ ಪಿನ್ನು ಹಾಕುತ್ತಿದ್ದಾಗ ಯಾರೋ ನನ್ನ ಫೋಟೋ ತೆಗೆದಿದ್ದರು. ಅದನ್ನು ಕತ್ತರಿಸಿ ವಾಟ್ಸಾಪ್ ಸ್ಟಿಕ್ಕರ್ ಮಾಡಿ, ಅದರ ಕೆಳಗೆ ಇಲ್ಲಿ ಬರೆಯಲಾಗದ ಮಾತೊಂದನ್ನು ಸೇರಿಸಿ ಹಂಚಿದ್ದಾರೆ. ಎರಡು ದಿನ ಕಳೆಯುವಷ್ಟರಲ್ಲಿ ನನ್ನ ಹೆಸರಿನಲ್ಲಿಯೇ ಒಂದು ಇನ್‌ಸ್ಟಾಗ್ರಾಂ ಖಾತೆ ಹುಟ್ಟಿಕೊಂಡಿತು. ಅದರಲ್ಲಿ ನನ್ನ ಮುಖವನ್ನು ಬೇರೆ ಯಾರದೋ ದೇಹಕ್ಕೆ ಅಂಟಿಸಿದ ಚಿತ್ರವಿತ್ತು. ನನಗೆ ಇದನ್ನು ತಿಳಿಸಿದವರು ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ. ಮೀನಿನ ಬುಟ್ಟಿಯನ್ನು ಗೇಟಿನ ಹೊರಗೆ ಇಳಿಸಿಟ್ಟು ಒಳಗೆ ಬಂದು, "ಅಕ್ಕೋರೇ, ಬೇರೆಯವ್ರ ಬಾಯಲ್ಲಿ ಕೇಳೂಕಿಂತ ಮೊದ್ಲು ನಾನೇ ಹೇಳ್ವಾ ಅಂತ ಬಂದೆ" ಎಂದರು. ಆ ಹೊತ್ತಿಗೆ ನಮ್ಮ ಸ್ಟಾಫ್ ರೂಮಿನಲ್ಲಿ ಅರ್ಧ ಜನರಿಗೆ ವಿಷಯ ಗೊತ್ತಿತ್ತೆಂದೂ ಯಾರೂ ನನಗೆ ಹೇಳಿರಲಿಲ್ಲವೆಂದೂ ನನಗೆ ಆಮೇಲೆ ತಿಳಿಯಿತು.

ಸಲಹೆಗಳಿಗೆ ಕೊರತೆಯಿಲ್ಲ. ಹಿರಿಯರೊಬ್ಬರು "ಸುಮ್ಮನಿರಿ, ನಾಲ್ಕು ದಿನಕ್ಕೆ ತಾನಾಗಿ ತಣ್ಣಗಾಗುತ್ತದೆ" ಎಂದರು. ಸಹೋದ್ಯೋಗಿಯೊಬ್ಬರು ಪಾಲಕರ ಗ್ರೂಪಿನಲ್ಲಿಯೇ ಗಟ್ಟಿಯಾಗಿ ಉತ್ತರ ಬರೆಯಿರಿ ಎನ್ನುತ್ತಾರೆ. ಮನೆಯಲ್ಲಿ ಇವರು ನಾಳೆಯೇ ಕೇಸು ಹಾಕೋಣ ಎನ್ನುತ್ತಿದ್ದಾರೆ. ನನಗಾದರೋ ತರಗತಿಯಲ್ಲಿ ಪದ್ಯ ಓದುತ್ತಿರುವಾಗ ಹಿಂದಿನ ಬೆಂಚಿನಲ್ಲಿ ಯಾರಾದರೂ ಕೆಮ್ಮಿದರೂ ಓದು ತಪ್ಪಿಹೋಗುತ್ತಿದೆ. ಮೊದಲು ಮಾಡಬೇಕಾದ ಕೆಲಸ ಯಾವುದು ಎಂಬುದನ್ನು ತಿಳಿದವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಕೋಡಿಬಾಗ (ಕಾರವಾರ, ವಕೀಲೆ)

ಅಕ್ಕೋರೇ, ಮೊದಲನೆಯದಾಗಿ, ಆ ಖಾತೆಯ ಮೇಲೆ ಈಗಲೇ ರಿಪೋರ್ಟ್ ಒತ್ತಬೇಡಿ. ಖಾತೆ ಅಳಿದುಹೋದರೆ ನಿಮ್ಮ ಕೈಯಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ಮೊದಲು ದಾಖಲೆ, ಆಮೇಲೆ ದೂರು. ಒಂದು ಗಂಟೆಯ ಕೆಲಸವಷ್ಟೇ. ಆದರೆ ಅದನ್ನು ನೀವೇ ಮಾಡಬೇಡಿ, ನಂಬಿಕೆಯ ಮತ್ತೊಬ್ಬರಿಂದ ಮಾಡಿಸಿ. ಆ ಚಿತ್ರವನ್ನು ನೀವು ಪದೇಪದೇ ನೋಡುವ ಅಗತ್ಯವಿಲ್ಲ.

ಖಾತೆಯ ಪುಟವನ್ನು ತೆರೆದು, ಅದರ ವಿಳಾಸದ ಕೊಂಡಿಯನ್ನು ನಕಲು ಮಾಡಿ ಒಂದು ಕಡೆ ಬರೆದಿಡಬೇಕು. ಪುಟದ ಚಿತ್ರ ಮಾತ್ರ ಸಾಲದು, ಏಕೆಂದರೆ ಕಣ್ಣಿಗೆ ಕಾಣುವ ಹೆಸರನ್ನು ಅವರು ಯಾವಾಗ ಬೇಕಾದರೂ ಬದಲಿಸಬಹುದು. ದಿನಾಂಕ ಮತ್ತು ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಬೇಕು, ಸಾಧ್ಯವಿದ್ದರೆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಸರಿಸುತ್ತಾ ಸ್ಕ್ರೀನ್ ರೆಕಾರ್ಡಿಂಗ್ ಮಾಡಬೇಕು. ವಾಟ್ಸಾಪ್ ಸ್ಟಿಕ್ಕರಿನ ವಿಷಯದಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ಸಂದೇಶ ಹಾಕಿದವರ ನಂಬರನ್ನು ಮೊಬೈಲಿನಲ್ಲಿ ಉಳಿಸಿಕೊಂಡಿದ್ದರೆ ಸ್ಕ್ರೀನ್‌ಶಾಟಿನಲ್ಲಿ ನೀವು ಇಟ್ಟ ಹೆಸರು ಮಾತ್ರ ಬರುತ್ತದೆ, ನಂಬರು ಬರುವುದಿಲ್ಲ. ಆ ಹೆಸರನ್ನು ಒತ್ತಿ ನಂಬರು ಕಾಣುವ ಪುಟದ ಚಿತ್ರವನ್ನೂ ತೆಗೆದಿರಿಸಿ. ಸ್ಟಿಕ್ಕರ್ ಬಂದಿರುವ ಮೊಬೈಲನ್ನು ರೀಸೆಟ್ ಮಾಡುವುದಾಗಲಿ, ಮಾರುವುದಾಗಲಿ ಕೂಡದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ದಾಖಲೆಯ ಜೊತೆಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಮೂಲ ಮೊಬೈಲ್ ಇದ್ದರೆ ಆ ಕೆಲಸ ಸುಲಭ. "ನೋಡಿ, ನಿಮ್ಮ ಬಗ್ಗೆ ಹೀಗೆ ಬಂದಿದೆ" ಎಂದು ಹಿತೈಷಿಗಳು ಆ ಚಿತ್ರವನ್ನು ಒಬ್ಬರಿಂದೊಬ್ಬರಿಗೆ ಕಳಿಸುತ್ತಿದ್ದರೆ ಅದನ್ನು ತಕ್ಷಣ ನಿಲ್ಲಿಸಲು ಹೇಳಿ. ಅಶ್ಲೀಲ ಚಿತ್ರವನ್ನು ಮುಂದೆ ಕಳಿಸುವುದೂ ಕಾನೂನಿನ ಕಣ್ಣಿನಲ್ಲಿ ಪ್ರಸಾರವೇ.

ಇಷ್ಟಾದ ಮೇಲೆ ಇನ್‌ಸ್ಟಾಗ್ರಾಂಗೆ ದೂರು ಕೊಡಿ. ನಿಮಗೆ ಅಲ್ಲಿ ಖಾತೆ ಇಲ್ಲದಿದ್ದರೂ ದೂರು ಕೊಡಲು ಅವಕಾಶವಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು, ಒಬ್ಬರ ಹೆಸರಿನಲ್ಲಿ ನಟಿಸುವ ಖಾತೆಗಳ ಮತ್ತು ತಿದ್ದಿದ ಚಿತ್ರಗಳ ಬಗ್ಗೆ ಸಂಬಂಧಪಟ್ಟವರೇ ದೂರು ಕೊಟ್ಟರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು ಗೊತ್ತುಮಾಡಿದವು. ತೆಗೆದುಹಾಕಿದ ಮಾಹಿತಿಯನ್ನು ತನಿಖೆಗಾಗಿ 180 ದಿನ ಕಾದಿರಿಸಬೇಕೆಂಬುದೂ ಅದೇ ನಿಯಮಗಳಲ್ಲಿದೆ. ಆದ್ದರಿಂದ ಪೊಲೀಸ್ ದೂರನ್ನು ತಿಂಗಳುಗಟ್ಟಲೆ ಮುಂದೂಡಬೇಡಿ.

ಅತಿಥಿ ಶಿಕ್ಷಕ (ಯಲ್ಲಾಪುರ)

ಗ್ರೂಪಿನಲ್ಲಿಯೇ ಉತ್ತರ ಬರೆಯಿರಿ ಎಂಬ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಅದರ ಫಲ ಏನೆಂಬುದನ್ನು ನಾನು ಉಂಡಿದ್ದೇನೆ.

ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಕೊಟ್ಟೆನೆಂದು ಒಬ್ಬರು ತರಗತಿಯ ಗ್ರೂಪಿನಲ್ಲಿ ನನ್ನ ಜಾತಿಯನ್ನೂ ಮನೆಯನ್ನೂ ಎಳೆತಂದು ಬೈದು ಬರೆದರು. ರಾತ್ರಿ 11 ಗಂಟೆಯಾಗಿತ್ತು. ದಿನವಿಡೀ ದುಡಿದ ಆಯಾಸವಿತ್ತು, ಸಿಟ್ಟೂ ಇತ್ತು. "ನಿಮ್ಮ ಮಗನ ಯೋಗ್ಯತೆ ಏನೆಂದು ಮೊದಲು ನೋಡಿಕೊಳ್ಳಿ" ಎಂದು ಒಂದೇ ಒಂದು ಸಾಲು ಬರೆದೆ. ಬೆಳಗಾಗುವುದರೊಳಗೆ ಅವರು ತಮ್ಮ ಸಂದೇಶಗಳನ್ನು ಎಲ್ಲರಿಗೂ ಕಾಣದಂತೆ ಅಳಿಸಿ, ನನ್ನ ಆ ಒಂದು ಸಾಲಿನ ಚಿತ್ರವನ್ನು ಊರಿನ ಎಲ್ಲ ಗ್ರೂಪುಗಳಿಗೆ ಹಾಕಿದ್ದರು. "ಮಗುವಿನ ಯೋಗ್ಯತೆ ಕೇಳುವ ಮಾಸ್ತರು" ಎಂಬುದು ನನ್ನ ಹೆಸರಾಯಿತು. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕ್ಷಮೆ ಕೇಳಿದವನು ನಾನು. ಮುಂದಿನ ವರ್ಷ ಆ ಶಾಲೆಗೆ ನನ್ನನ್ನು ಕರೆಯಲಿಲ್ಲ. ಮೊದಲು ಬೈದವರ ಮಾತಿಗೆ ಯಾವ ಸಾಕ್ಷಿಯೂ ಉಳಿದಿರಲಿಲ್ಲ, ಏಕೆಂದರೆ ನಾನು ಉತ್ತರ ಬರೆಯಲು ಅವಸರಪಟ್ಟೆನೇ ಹೊರತು ಸ್ಕ್ರೀನ್‌ಶಾಟ್ ತೆಗೆದಿರಲಿಲ್ಲ.

ಕಾಯಂ ಶಿಕ್ಷಕರ ಹಿಂದೆ ಸಂಘವಿದೆ, ಇಲಾಖೆಯಿದೆ. ಅತಿಥಿ ಶಿಕ್ಷಕರ ಪರವಾಗಿ ಮಾತನಾಡುವವರು ಯಾರು? ಈ ಪ್ರಶ್ನೆಯನ್ನೂ ಇಲ್ಲಿಯೇ ಇಡುತ್ತಿದ್ದೇನೆ.

ಕರಿ ಇಶಾಡ (ಅಂಕೋಲಾ, ಪಾಲಕಿ)

ಅಕ್ಕೋರಿಗೆ ಆದದ್ದನ್ನು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಅವರ ಪರವಾಗಿ ನಿಲ್ಲುವುದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಪಾಲಕಿಯಾಗಿ ಒಂದು ಮಾತು ಹೇಳಲೇಬೇಕು.

ಎರಡು ವರ್ಷದ ಹಿಂದೆ ನನ್ನ ಮಗಳ ತರಗತಿಯಲ್ಲಿ ಗಣಿತದ ಪಾಠ ಎರಡು ತಿಂಗಳು ನಡೆದಿರಲಿಲ್ಲ. ಮುಖತಃ ಎರಡು ಸಲ ಕೇಳಿದೆ, ಉತ್ತರ ಬರಲಿಲ್ಲ. ಕೊನೆಗೆ ಪಾಲಕರ ಗ್ರೂಪಿನಲ್ಲಿ, ಪಾಠ ಏಕೆ ನಡೆಯುತ್ತಿಲ್ಲವೆಂದು ದಯವಿಟ್ಟು ತಿಳಿಸಿ ಎಂದು ಬರೆದೆ. ಅದಕ್ಕೆ ಬಂದದ್ದು "ಶಿಕ್ಷಕರ ತೇಜೋವಧೆ ಮಾಡಬೇಡಿ" ಎಂಬ ಎಚ್ಚರಿಕೆ. ನಾನು ಯಾರ ತೇಜೋವಧೆಯನ್ನೂ ಮಾಡಿರಲಿಲ್ಲ. ಪಾಠದ ಬಗ್ಗೆ ಕೇಳುವುದು ಬೇರೆ, ಶಿಕ್ಷಕರ ದೇಹ, ಜಾತಿ, ಸಂಸಾರದ ಬಗ್ಗೆ ಆಡುವುದು ಬೇರೆ. ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ, ನಿಜವಾದ ನಿಂದನೆ ನಡೆದ ದಿನ ಪಾಲಕರು ಶಾಲೆಯ ಮಾತನ್ನು ನಂಬುವುದಿಲ್ಲ. ಕೇಳುವುದಕ್ಕೆ ಒಂದು ಸರಿಯಾದ ದಾರಿ ಇದ್ದಿದ್ದರೆ ನಾನು ಗ್ರೂಪಿನಲ್ಲಿ ಬರೆಯುತ್ತಲೇ ಇರಲಿಲ್ಲ.

ಸೊಪ್ಪಿನಬೆಟ್ಟ (ಶಿರಸಿ, ನಿವೃತ್ತ ಮುಖ್ಯಾಧ್ಯಾಪಕ)

ಪಾಲಕಿಯವರ ಮಾತು ನೂರಕ್ಕೆ ನೂರು ಸರಿ. ಅದನ್ನು ಒಪ್ಪಿಯೇ ಮುಂದಿನದನ್ನು ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಿದ್ದಾಪುರದ ಕಡೆಯ ಒಂದು ಶಾಲೆಯಲ್ಲಿ, ಒಂದು ಬೆಳಿಗ್ಗೆ ಹಿಂಬದಿಯ ಗೋಡೆಯ ಮೇಲೆ ಇದ್ದಿಲಿನಿಂದ ಅಕ್ಕೋರೊಬ್ಬರ ಹೆಸರು ಹಿಡಿದು ಕೆಟ್ಟದಾಗಿ ಬರೆದಿದ್ದರು. ಅವರು ಅದನ್ನು ನೋಡಿದವರೇ ಬಕೆಟ್ಟಿನಲ್ಲಿ ಸುಣ್ಣ ಕಲಸಲು ಹೊರಟರು. ನಮ್ಮ ಹೆಡ್‌ಮಾಸ್ತರು ಅವರ ಕೈಯಿಂದ ಬಕೆಟ್ಟನ್ನು ತೆಗೆದುಕೊಂಡು, "ಇದು ನಿಮ್ಮ ಗೋಡೆಯಲ್ಲ, ಶಾಲೆಯ ಗೋಡೆ" ಎಂದು ಹೇಳಿ, ಪಂಚೆ ಮೇಲೆ ಕಟ್ಟಿ, ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ತಾವೇ ಸುಣ್ಣ ಬಳಿದರು. ಆಮೇಲೆ ಪ್ರಾರ್ಥನೆಯಲ್ಲಿ ಮಕ್ಕಳೆದುರು ಮಾತನಾಡಿದವರೂ ಅವರೇ. ಅಕ್ಕೋರು ಆ ದಿನ ಎಂದಿನಂತೆ ಪಾಠ ಮಾಡಿದರು.

ಈಗಿನ ಗೋಡೆ ಪ್ರತಿ ಮನೆಯ ಒಳಗಿದೆ, ಸುಣ್ಣ ಬಳಿದಷ್ಟೂ ಮತ್ತೊಂದು ಕಡೆ ಕಾಣಿಸಿಕೊಳ್ಳುತ್ತದೆ. ಆದರೂ ಬಕೆಟ್ಟು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಬದಲಾಗಿಲ್ಲ. ನಿಂದನೆಗೊಳಗಾದ ಶಿಕ್ಷಕಿಯೇ ಸಾಕ್ಷಿ ಕೂಡಿಸಬೇಕು, ಅವರೇ ಗ್ರೂಪಿನಲ್ಲಿ ಸಮಜಾಯಿಷಿ ಕೊಡಬೇಕು, ಅವರೇ ಠಾಣೆಗೆ ಅಲೆಯಬೇಕು, ಮರುದಿನ ಅವರೇ ತರಗತಿಯಲ್ಲಿ ಏನೂ ಆಗದವರ ಹಾಗೆ ನಿಲ್ಲಬೇಕು ಎಂದರೆ, ಆ ಶಾಲೆಯಲ್ಲಿ ಉಳಿದವರೆಲ್ಲ ಏನು ಮಾಡುತ್ತಿದ್ದೇವೆ? "ಸುಮ್ಮನಿರಿ" ಎಂದು ಹೇಳುವ ಹಿರಿಯರು, ಶಿಕ್ಷಕಿ ಸುಮ್ಮನಿರಲಿ ಎನ್ನುವುದಾದರೆ ತಾವು ಮಾತನಾಡಬೇಕು. ಇಬ್ಬರೂ ಸುಮ್ಮನಿದ್ದರೆ ಊರು ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತದೆ.

ಈ ತರಗತಿ ಗ್ರೂಪುಗಳು ಹುಟ್ಟಿದ್ದು ಹೇಗೆಂಬುದನ್ನೂ ನೆನಪಿಸಿಕೊಳ್ಳಬೇಕು. 2020ರಲ್ಲಿ ಶಾಲೆ ಮುಚ್ಚಿದಾಗ, ನಮ್ಮ ಘಟ್ಟದ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದ ಕಾಲದಲ್ಲಿ, ಪಾಠ ಕಳಿಸಲೆಂದು ಅವಸರದಲ್ಲಿ ಮಾಡಿದ ಗ್ರೂಪುಗಳಿವು. ಶಾಲೆ ತೆರೆದ ಮೇಲೂ ಅವು ಹಾಗೆಯೇ ಉಳಿದವು. ಯಾರು ಸೇರಬಹುದು, ಏನು ಬರೆಯಬಹುದು, ಎಷ್ಟು ಹೊತ್ತಿನವರೆಗೆ ಎಂಬ ಯಾವ ಕಟ್ಟುಪಾಡೂ ಅವುಗಳಿಗಿಲ್ಲ. ಶಿಕ್ಷಕರ ಸ್ವಂತ ನಂಬರು ಊರಿನ ಎಲ್ಲರ ಕೈಗೆ ಸಿಕ್ಕಿದ್ದು ಅಲ್ಲಿಂದಲೇ. ಗ್ರೂಪನ್ನು ಶಾಲೆಯ ಒಂದು ನಂಬರಿನಿಂದ ನಡೆಸಿ, ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಮಾಡಿ, ಪ್ರಶ್ನೆ ಮತ್ತು ದೂರುಗಳಿಗೆ ವಾರದಲ್ಲಿ ಒಂದು ಮಧ್ಯಾಹ್ನ ಮುಖ್ಯಾಧ್ಯಾಪಕರು ಕುಳಿತುಕೊಳ್ಳುವ ವ್ಯವಸ್ಥೆ ಮಾಡಿದರೆ ಪಾಲಕಿಯವರು ಕೇಳಿದ ದಾರಿಯೂ ತೆರೆಯುತ್ತದೆ.

ಅಕ್ಕೋರೇ, ನಿಮ್ಮ ಮುಖ್ಯಾಧ್ಯಾಪಕರು ಪಾಲಕರಿಗೆ ಕಳಿಸಬಹುದಾದ ಒಂದು ಕರಡನ್ನು ಬರೆದಿದ್ದೇನೆ:

"ನಮ್ಮ ಶಾಲೆಯ ಶಿಕ್ಷಕಿಯೊಬ್ಬರ ಚಿತ್ರವನ್ನು ವಿರೂಪಗೊಳಿಸಿ ಹಂಚಲಾಗಿದೆ. ಅದು ಸುಳ್ಳು ಚಿತ್ರ. ಶಾಲೆಯ ಕಡೆಯಿಂದ ದೂರು ಕೊಡಲಾಗುತ್ತಿದೆ. ಅದು ನಿಮ್ಮ ಮೊಬೈಲಿಗೆ ಬಂದಿದ್ದರೆ ಯಾರಿಗೂ ಕಳಿಸಬೇಡಿ. ಎಲ್ಲಿಂದ ಬಂತೆಂಬ ಮಾಹಿತಿಯಿದ್ದರೆ ಮುಖ್ಯಾಧ್ಯಾಪಕರನ್ನು ಖುದ್ದಾಗಿ ಕಾಣಿರಿ, ನಿಮ್ಮ ಹೆಸರನ್ನು ಗುಟ್ಟಾಗಿ ಇಡಲಾಗುವುದು. ಪಾಠ, ಪರೀಕ್ಷೆ, ಅಂಕಗಳ ಬಗ್ಗೆ ದೂರುಗಳಿದ್ದರೆ ಅವುಗಳನ್ನು ಬರಹದಲ್ಲಿ ಕೊಡಿ, ಉತ್ತರ ಕೊಡುವುದು ನಮ್ಮ ಹೊಣೆ."

ಚಿತ್ರದಲ್ಲಿ ಏನಿತ್ತೆಂಬ ವರ್ಣನೆ ಬೇಡ, ಶಿಕ್ಷಕಿಯ ಹೆಸರೂ ಬೇಡ. ಕೆಳಗೆ ಮುಖ್ಯಾಧ್ಯಾಪಕರ ಜೊತೆಗೆ ಸಮಿತಿಯ ಅಧ್ಯಕ್ಷರ ಸಹಿಯೂ ಇದ್ದರೆ ಒಳ್ಳೆಯದು. ಯಲ್ಲಾಪುರದ ಅತಿಥಿ ಶಿಕ್ಷಕರ ಪ್ರಶ್ನೆಗೂ ಉತ್ತರ ಇದೇ ಆಗಬೇಕು. ಪತ್ರ ಶಾಲೆಯ ಹೆಸರಿನಲ್ಲಿ ಹೋಗುತ್ತದೆ, ಅಲ್ಲಿ ಕಾಯಂ, ಅತಿಥಿ ಎಂಬ ಭೇದ ಬರಕೂಡದು. ತಮ್ಮಾ, ನಿಮ್ಮನ್ನು ಕ್ಷಮೆ ಕೇಳಲು ನಿಲ್ಲಿಸಿದ ಆ ಸಭೆಯಲ್ಲಿ ನಾನಿದ್ದಿದ್ದರೆ ಮೊದಲು ಅಳಿಸಿದ ಸಂದೇಶಗಳಲ್ಲಿ ಏನಿತ್ತೆಂದು ಉಳಿದ ಪಾಲಕರನ್ನು ಕೇಳುತ್ತಿದ್ದೆ. ಅಷ್ಟು ಜನರಲ್ಲಿ ಒಬ್ಬರಾದರೂ ಅವನ್ನು ಓದಿರುತ್ತಾರೆ.

ಅಘನಾಶಿನಿ (ಕುಮಟಾ ತಾಲೂಕು)

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ವಕೀಲೆಯವರು ಹೇಳಿದಂತೆ ನಮ್ಮ ವಿಜ್ಞಾನದ ಶಿಕ್ಷಕಿ ಕುಳಿತು ಎಲ್ಲವನ್ನೂ ದಾಖಲಿಸಿದರು.

ಆದರೆ ಯಾರೂ ಹೇಳದ ಒಂದು ಕಷ್ಟ ಎದುರಾಯಿತು. ದೂರಿನ ಜೊತೆ ಪ್ರಿಂಟ್ ಬೇಕೆಂದರು. ಪೇಟೆಯ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. "ಏನು ಅಕ್ಕೋರೇ, ಪ್ರಶ್ನೆಪತ್ರಿಕೆಯಾ?" ಎಂದು ನಗುತ್ತಾ ಪೆನ್‌ಡ್ರೈವ್‌ಗೆ ಕೈ ಚಾಚಿದ. ನಾನು ಪೆನ್‌ಡ್ರೈವನ್ನು ಮುಷ್ಟಿಯಲ್ಲಿಯೇ ಇಟ್ಟುಕೊಂಡು, ಎರಡು ಪೆನ್ನು ಮತ್ತು ಒಂದು ಬಿಳಿ ಹಾಳೆಯ ಕಟ್ಟು ಕೊಂಡು ಹಿಂದಿರುಗಿದೆ. ಕೊನೆಗೆ ವಿಜ್ಞಾನದ ಅಕ್ಕೋರು ತಮ್ಮ ಮನೆಯ ಪ್ರಿಂಟರಿನಲ್ಲಿ ತೆಗೆದುಕೊಟ್ಟರು. ಮುಂದೆ ಯಾರಿಗಾದರೂ ಹೀಗಾದರೆ ಶಾಲೆಯ ಕಚೇರಿಯ ಪ್ರಿಂಟರಿನಲ್ಲಿಯೇ, ಬಾಗಿಲು ಹಾಕಿಕೊಂಡು, ಇನ್ನೊಬ್ಬ ಶಿಕ್ಷಕಿ ಈ ಕೆಲಸ ಮಾಡಿಕೊಡಲಿ. ಇದು ಸಣ್ಣ ವಿಷಯವೆಂದು ಯಾರಿಗಾದರೂ ಅನ್ನಿಸಬಹುದು. ಆ ಅಂಗಡಿಯ ಮುಂದೆ ನಿಂತಾಗ ನನಗೆ ಅದು ಸಣ್ಣದಾಗಿರಲಿಲ್ಲ.

ಎರಡನೆಯ ವಿಷಯ ಇನ್ನೂ ಕಠಿಣ. ಸ್ಟಿಕ್ಕರ್ ಮಾಡಿದವನು ನಮ್ಮದೇ ಹತ್ತನೇ ತರಗತಿಯ ಹುಡುಗ. ಅವನ ತಾಯಿಯೇ ಕರೆದುಕೊಂಡು ಬಂದರು. ಖಾತೆ ತೆರೆದದ್ದು ತಾನಲ್ಲ, ಹೊರಗಿನ ಬೇರೊಬ್ಬರಿಗೆ ಫೋಟೋ ಕಳಿಸಿದ್ದೆ ಎನ್ನುತ್ತಾನೆ. ಕಳೆದ ತಿಂಗಳು ಅವನು ಬರೆದ ಪ್ರಬಂಧವನ್ನು ನಾನು ತರಗತಿಗೆಲ್ಲ ಓದಿ ಹೇಳಿದ್ದೆ. ಈಗ ಏನು ಮಾಡಬೇಕು?

ಕೋಡಿಬಾಗ (ಕಾರವಾರ, ವಕೀಲೆ)

ಹುಡುಗನನ್ನೂ ಹೊರಗಿನವರನ್ನೂ ಬೇರೆ ಬೇರೆಯಾಗಿ ನೋಡಬೇಕು.

ಖಾತೆ ತೆರೆದವರು ವಯಸ್ಕರಾಗಿದ್ದರೆ ದೂರು ಕೊಡಲು ಹಿಂಜರಿಯಬೇಡಿ. ಇನ್ನೊಬ್ಬರ ಗುರುತನ್ನು ಬಳಸಿಕೊಂಡದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಮತ್ತು 66ಡಿ ಕಲಮುಗಳು, ಅಶ್ಲೀಲ ಚಿತ್ರ ಹರಡಿದ್ದಕ್ಕೆ 67, ಚಿತ್ರ ಇನ್ನೂ ಗಂಭೀರ ಸ್ವರೂಪದ್ದಾದರೆ 67ಎ, ಮಹಿಳೆಯ ಗೌರವಕ್ಕೆ ಧಕ್ಕೆ ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮು ಇವೆ. ದೂರಿನಲ್ಲಿ 66ಎ ಎಂದು ಬರೆಸಲೇಬೇಡಿ, ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದುಮಾಡಿದೆ. ಬರೀ "ಮಾನಹಾನಿ" ಎಂದು ಬರೆದುಕೊಟ್ಟರೆ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸುವಂತಿಲ್ಲ, ನ್ಯಾಯಾಲಯಕ್ಕೆ ಖಾಸಗಿ ದೂರು ಕೊಡಬೇಕಾಗುತ್ತದೆ. ಅನೇಕರು ಠಾಣೆಯಿಂದ ಬರಿಗೈಯಲ್ಲಿ ಹಿಂದಿರುಗುವುದು ಇದೇ ಕಾರಣಕ್ಕೆ. ಆದ್ದರಿಂದ ಏನು ನಡೆಯಿತೆಂಬುದನ್ನು ದಿನಾಂಕವಾರು ಬರೆಯಿರಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನ ಅಧಿಕಾರಿಯೇ ಮಾಡಬೇಕು, ಜಿಲ್ಲೆಯಲ್ಲಿ ಇದಕ್ಕೆಂದೇ ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಇದೆ. ಆದರೆ ದೂರು ಕೊಡಲು ಸುಮಾರು 70 ಕಿಲೋಮೀಟರ್ ಬರಲೇಬೇಕೆಂದಿಲ್ಲ. ಹತ್ತಿರದ ಠಾಣೆಯಲ್ಲಿ ಕೊಡಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿಯೂ ಕೊಡಬಹುದು. ಅತಿಥಿ ಶಿಕ್ಷಕರೇ, ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಎಲ್ಲರಿಗೂ ಕಾಣುವಂತೆ ಜಾತಿ ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯವಾಗುತ್ತದೆ.

ಹುಡುಗನ ವಿಷಯ. 18 ವರ್ಷ ತುಂಬದವನ ಮೇಲೆ 2015ರ ಬಾಲನ್ಯಾಯ ಕಾಯ್ದೆಯಂತೆ ನಡೆಯಬೇಕಾಗುತ್ತದೆ. ಇಂಥ ಅಪರಾಧವನ್ನು ಮಗುವೊಂದೇ ಮಾಡಿದ್ದರೆ ಸಾಮಾನ್ಯವಾಗಿ ಎಫ್‌ಐಆರ್ ಇಲ್ಲ. ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಸಾಮಾನ್ಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯನ್ನು ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. ವಯಸ್ಕರೊಡನೆ ಸೇರಿ ಮಾಡಿದ್ದಾದರೆ ಎಫ್‌ಐಆರ್ ಆಗಬಹುದು, ಆಗಲೂ ಅವನ ವಿಚಾರಣೆ ಮಂಡಳಿಯಲ್ಲಿಯೇ. ಅವನ ಹೆಸರನ್ನಾಗಲಿ ಫೋಟೋವನ್ನಾಗಲಿ ಯಾವ ಗ್ರೂಪಿನಲ್ಲಿಯೂ ಹಾಕಕೂಡದು, ಅದು ಕಾನೂನಿನಲ್ಲಿ ಶಿಕ್ಷೆಯಿರುವ ತಪ್ಪು. ಅವನ ಮೊಬೈಲನ್ನು ನೀವಾಗಲಿ ಶಾಲೆಯಾಗಲಿ ಕಸಿದುಕೊಂಡು ಹುಡುಕಬೇಡಿ. ತಾಯಿಯ ಬಳಿಯೇ ಇರಲಿ, ಏನನ್ನೂ ಅಳಿಸದಂತೆ ಹೇಳಿ. ಯಾರಿಗೆ ಫೋಟೋ ಕಳಿಸಿದ್ದೆಂಬುದಕ್ಕೆ ಸಾಕ್ಷಿ ಅದರಲ್ಲಿಯೇ ಇದೆ.

ಸರ್ಕಾರಿ ನೌಕರರಾಗಿದ್ದರೆ ಮತ್ತೊಂದು ಎಚ್ಚರ ಬೇಕು. ದೂರಿನ ಪ್ರತಿಯನ್ನು ಮುಖ್ಯಾಧ್ಯಾಪಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಟ್ಟು ಸ್ವೀಕೃತಿ ಪಡೆದಿರಿಸಿ. ಪತ್ರಿಕೆಯವರೊಡನೆ ಮಾತನಾಡುವ ಮೊದಲು ಇಲಾಖೆಯನ್ನು ಕೇಳಿ.

ಕರಿ ಇಶಾಡ (ಅಂಕೋಲಾ, ಪಾಲಕಿ)

ಆ ತಾಯಿ ಮಗನನ್ನು ಕರೆದುಕೊಂಡು ಬಂದರೆಂಬುದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಅಷ್ಟು ದೂರ ನಡೆದು ಬರಲು ಅವರಿಗೆ ಎಷ್ಟು ಧೈರ್ಯ ಬೇಕಾಗಿದ್ದಿರಬೇಕು. ಹಾಗೆ ಬಂದವರನ್ನು ಊರು ದೂರ ಮಾಡಿದರೆ ಮುಂದೆ ಯಾವ ತಾಯಿಯೂ ಬರುವುದಿಲ್ಲ.

ಸೊಪ್ಪಿನಬೆಟ್ಟ (ಶಿರಸಿ, ನಿವೃತ್ತ ಮುಖ್ಯಾಧ್ಯಾಪಕ)

ಹುಡುಗನಿಗೆ ಟಿಸಿ ಕೊಟ್ಟು ಕಳಿಸಿ ಎಂಬ ಒತ್ತಡ ನಾಳೆಯೇ ಬರುತ್ತದೆ. ಕೊಡಕೂಡದು. ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ಶಾಲೆ ಬಿಡಿಸಿದರೆ ಅವನು ಬಂದರಿನಲ್ಲೋ ಬೆಂಗಳೂರಿನ ಬೇಕರಿಯಲ್ಲೋ ಕೆಲಸಕ್ಕೆ ಸೇರಿಕೊಳ್ಳುತ್ತಾನೆ, ಅದರಿಂದ ಅಕ್ಕೋರಿಗೆ ಯಾವ ನ್ಯಾಯವೂ ಸಿಗುವುದಿಲ್ಲ. ಹಾಗೆಂದು ತರಗತಿಯ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸುವುದೂ ಬೇಡ. ಮಕ್ಕಳಿಗೆ ಮಾನಸಿಕ ಹಿಂಸೆ ಕೊಡಬಾರದೆಂಬ ಕಾನೂನಿನ ಮಾತು ಒಂದು ಕಡೆ ಇರಲಿ, ಅಲ್ಲಿ ನಲವತ್ತು ಮಕ್ಕಳು ಆ ಚಿತ್ರವನ್ನು ಮತ್ತೊಮ್ಮೆ ನೆನಪಿಸಿಕೊಳ್ಳುತ್ತಾರೆ, ಆ ನೋವು ಅಕ್ಕೋರಿಗೇ.

ಅವನು ಕ್ಷಮೆಯನ್ನು ಬರಹದಲ್ಲಿ ಕೊಡಲಿ. ಅದನ್ನು ಯಾವಾಗ ಓದಬೇಕು, ಓದಬೇಕೇ ಬೇಡವೇ ಎಂಬುದನ್ನು ಅಕ್ಕೋರು ತೀರ್ಮಾನಿಸಲಿ. ಕ್ಷಮಿಸಲೇಬೇಕೆಂದು ಯಾರೂ ಅವರಿಗೆ ಉಪದೇಶ ಮಾಡಬಾರದು. "ನೀವು ತಾಯಿಯ ಸಮಾನ" ಎಂದು ಹೇಳಿ ಅಕ್ಕೋರುಗಳ ಬಾಯಿ ಮುಚ್ಚಿಸುವುದನ್ನು ನಾನು ನನ್ನ ಸೇವೆಯುದ್ದಕ್ಕೂ ನೋಡಿದ್ದೇನೆ, ಒಮ್ಮೆ ನಾನೂ ಹಾಗೆ ಹೇಳಿದ್ದೇನೆ. ಅದು ತಪ್ಪಾಗಿತ್ತು. ಬೇಕಿದ್ದರೆ ಕೆಲವು ದಿನ ಆ ತರಗತಿಯ ಕನ್ನಡ ಪಿರಿಯಡ್ಡನ್ನು ಬೇರೆಯವರು ತೆಗೆದುಕೊಳ್ಳಲಿ, ನಿದ್ದೆ ಬಾರದಿದ್ದರೆ 14416ಕ್ಕೆ ಕರೆಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರದ ಸೇವೆ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಅಘನಾಶಿನಿ (ಕುಮಟಾ ತಾಲೂಕು)

ದೂರು ದಾಖಲಾಯಿತು. ಮುಖ್ಯಾಧ್ಯಾಪಕರು ಜೊತೆಗೆ ಬಂದರು, ದೂರಿನಲ್ಲಿ ಅವರ ಸಹಿಯೂ ಇದೆ. "ಸುಮ್ಮನಿರಿ" ಎಂದಿದ್ದ ಹಿರಿಯರು ಈ ಚರ್ಚೆಯನ್ನು ಓದಿದ್ದಾರೆಂದು ಕಾಣುತ್ತದೆ, ನಿನ್ನೆ ತಾವಾಗಿಯೇ ಬಂದು ಎದುರಿಗೆ ಕುಳಿತು ಮಾತನಾಡಿದರು. ಖಾತೆ ಈಗ ಇಲ್ಲ. ಸ್ಟಿಕ್ಕರ್ ಎಷ್ಟು ಮೊಬೈಲುಗಳಲ್ಲಿ ಉಳಿದಿದೆಯೋ ಹೇಳಲಾರೆ.

ತರಗತಿಯನ್ನು ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ಹುಡುಗ ಮೂರನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾನೆ. ಅವನು ಕೊಟ್ಟ ಲಕೋಟೆಯನ್ನು ನಾನಿನ್ನೂ ಒಡೆದಿಲ್ಲ, ಹಾಜರಿ ಪುಸ್ತಕದ ಕೆಳಗೆ ಬೀರುವಿನಲ್ಲಿದೆ. ಉಳಿದವರ ವ್ಯಾಕರಣದ ನೋಟ್‌ಬುಕ್ಕುಗಳ ಜೊತೆಗೆ ಅವನದನ್ನೂ ನಿನ್ನೆ ತಿದ್ದಿದೆ. ಸಂಧಿಯಲ್ಲಿ ಎರಡು ತಪ್ಪಿದ್ದವು, ಎಂದಿನಂತೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ.

ಶನಿವಾರ ಪಾಲಕರ ಸಭೆ ಕರೆದಿದ್ದಾರೆ. ಸೊಪ್ಪಿನಬೆಟ್ಟದ ಮಾಸ್ತರರು ಬರೆದ ಪತ್ರವನ್ನು ಮುಖ್ಯಾಧ್ಯಾಪಕರು ಓದುತ್ತಾರೆ, ಗ್ರೂಪಿನ ಕಟ್ಟುಪಾಡುಗಳನ್ನೂ ದೂರು ಕೇಳುವ ದಿನವನ್ನೂ ಅಲ್ಲಿಯೇ ಗೊತ್ತುಮಾಡುತ್ತಾರೆ. ಮೀನಿನ ಬುಟ್ಟಿಯ ಆ ತಾಯಿಗೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ ಎಂದು ಹೇಳಿದ್ದೇನೆ. ಮಾರುಕಟ್ಟೆ ಮುಗಿಸಿ ಹನ್ನೊಂದರ ಒಳಗೆ ಬರುತ್ತೇನೆ ಎಂದಿದ್ದಾರೆ.